ಹಸಿದ ಕಾರ್ಡಿಗೆ ಕರೆಂಟು ಬಡಿಸಿದ್ದು

ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾರಬಹುದಿತ್ತು. ಅದು ಹಾರದಿದ್ದರೆ ವೋಲ್ಟೇಜು ಕುಸಿಯಬಹುದಿತ್ತು. ಕುಸಿಯದಿದ್ದರೆ ಏರಬಹುದಿತ್ತು, ಏರುವುದು ಇನ್ನೂ ಕೆಟ್ಟದ್ದು. ಸುತ್ತಲಿನ ಹೊಲಗಳ ಬಾವಿ ಮೋಟಾರುಗಳೆಲ್ಲ ಒಂದೇ ಏಟಿಗೆ ಎದ್ದು ಮನೆಯ ದೀಪಗಳು ಕೆಂಪಗಾಗಬಹುದಿತ್ತು. ಯುಪಿಎಸ್ ಚೀರಿ ಕೈಬಿಡಬಹುದಿತ್ತು. ಅರ್ಥಿಂಗ್ ಗುಂಡಿ ಒಣಗಿರಬಹುದಿತ್ತು. ಇಲಿ ವಾಯರು ಕಡಿದಿರಬಹುದಿತ್ತು. ನಾನು ಹೊರಟಿದ್ದ ಮನೆಯಲ್ಲಿ ಶೇಂಗಾದ ಚೀಲಗಳಿದ್ದವು, ಶೇಂಗಾ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದ ಪವರ್ ಪಿನ್ನು ಕೂದಲೆಳೆಯಷ್ಟು ಹೊರಗುಳಿದು, ಬಿಸಿಯೇರಿ, ಕರಗಬಹುದಿತ್ತು. ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಹೊಟ್ಟೆಗೆ ಹಿಡಿಸುವ ಹದಕ್ಕೆ ಇಳಿಸಿ ಕೊಡುವ ಕಬ್ಬಿಣದ ಡಬ್ಬಿ, ಒಳಗಿಂದೊಳಗೇ ಢಂ ಅನ್ನಬಹುದಿತ್ತು. ಇದ್ಯಾವುದೂ ಆಗದಿದ್ದರೆ ನಾನು ಕೂತಿದ್ದ ಬಸ್ಸಾದರೂ ಕೆಟ್ಟು ನಿಲ್ಲಬಹುದಿತ್ತು.

ಸೋಲಾಪುರದಿಂದ ವಳಸಂಗಕ್ಕೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕೂತು ಮನಸ್ಸಿನಲ್ಲೇ ಹೀಗೆ ಯಾದಿ ಮಾಡುತ್ತಿದ್ದ ಆ ಸೋಮವಾರ, ನನ್ನ ಕೆಲಸದ ಬದುಕಿನ ಕೊನೆಯ ದೊಡ್ಡ ದಿನ. ಅವತ್ತು ಏನಾಯಿತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಈ ಕೆಲಸಕ್ಕೆ ಈಗ ಬರುತ್ತಿರುವವರಿಗೆ ಮೊದಲು ಸ್ವಲ್ಪ ಹಿಂದಿನದನ್ನು ಹೇಳಬೇಕು. ಹೇಳದಿದ್ದರೆ ಅವರು ತಪ್ಪು ತಿಳಿಯಬಹುದು. ಹೇಳಿದರೂ ತಿಳಿಯಬಹುದು.

ನಾನು ದುಡಿದದ್ದು ಸೋಲಾಪುರದ ನವಿ ಪೇಠಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಎಡಕ್ಕೆ ಸೀರೆ ಅಂಗಡಿ, ಬಲಕ್ಕೆ ಚಾದರದ ಅಂಗಡಿ, ನಡುವೆ ನಾವು. ಜೋಡಿಸುವುದು, ಬಿಚ್ಚುವುದು, ಮತ್ತೆ ಜೋಡಿಸುವುದು ನನ್ನ ಕೆಲಸ. ಬಡ್ತಿ ಎಂದು ಬಂದದ್ದು ಒಂದೇ: ನಮ್ಮ ಮಾಲೀಕರು ನನ್ನನ್ನು ಏಕವಚನದಲ್ಲಿ ‘ಅರೇ’ ಎಂದು ಕರೆಯುವುದನ್ನು ಬಿಟ್ಟು ಬಹುವಚನದಲ್ಲಿ ‘ಅಹೋ’ ಎಂದು ಕರೆಯತೊಡಗಿದರು. ಅದರಿಂದ ಕೆಲಸವೇನೂ ಕಡಿಮೆಯಾಗಲಿಲ್ಲ. ಅಂಗಡಿ ಮೆಲ್ಲಮೆಲ್ಲಗೆ ಮೊಬೈಲ್ ಕವರಿನ ಅಂಗಡಿಯಾದಾಗ ನಾನು ಮನೆಗೆ ಬಂದೆ. ಐವತ್ತು ದಾಟಿದ್ದು ಈಚೆಗೆ; ಸರಕಾರಿ ಲೆಕ್ಕದಲ್ಲಿ ಇದು ನಿವೃತ್ತಿಯ ವಯಸ್ಸಲ್ಲ. ಆದರೆ ಚಿಂತೆ ಮಾಡುವವರ ಸೇವಾವಧಿಯನ್ನು ದುಪ್ಪಟ್ಟು ಹಿಡಿಯಬೇಕು ಎಂಬುದು ನನ್ನ ವಾದ. ಅಕ್ಕಲಕೋಟ ಕಡೆಯ ಕನ್ನಡ ಸಾಲಿಯಲ್ಲಿ ಕಲಿತದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಧಂದೆಗೆ ಬರುವ ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಜನ ಮರಾಠಿ ಸಾಲಿಗೆ ಹೋದವರು. ಅವರ ಮನೆಯಲ್ಲಿ ಓದಿ ಹೇಳುವ ಅಜ್ಜಿಯೊಬ್ಬಳು ಇರಲಿ.

ಗ್ರಾಫಿಕ್ಸ್ ಕಾರ್ಡು ಎಂದರೆ ಪರದೆಯ ಮೇಲೆ ಚಿತ್ರ ಬರೆಯುವ ಕಾರ್ಡು. ನಾನು ಕೆಲಸಕ್ಕೆ ಸೇರಿದಾಗ ಅದು ಬಡವರ ಮನೆಯ ಸೊಸೆಯ ಹಾಗೆ ಇತ್ತು. ಮದರ್‌ಬೋರ್ಡು ಕೊಟ್ಟಷ್ಟು ಕರೆಂಟು ತಿಂದು ಸುಮ್ಮನಿರುತ್ತಿತ್ತು. ಒಂದು ದಿನ ಚಾದರದ ಡಿಸೈನು ಮಾಡುವವರೊಬ್ಬರು ಹೊಸ ಕಾರ್ಡು ತಂದರು. ಅದರ ಬೆನ್ನಿನಲ್ಲಿ ಆರು ತೂತಿನ ಒಂದು ಬಾಯಿ ಇತ್ತು. ಎಸ್‌ಎಂಪಿಎಸ್‌ನಿಂದ ನೇರವಾಗಿ ಅದಕ್ಕೊಂದು ವಾಯರು ಕೊಡಬೇಕಿತ್ತು. ಮಾಲೀಕರು ಕನ್ನಡಕ ಏರಿಸಿ ನೋಡಿದರು.

“ಇದಕ್ಕ ಬ್ಯಾರೆ ಊಟ ಯಾಕ ಬೇಕು? ಮದರ್‌ಬೋರ್ಡ್ ಅಂತ ಹೆಸರಿಟ್ಟಾರ, ತಾಯಿ ಉಣಸಂಗಿಲ್ಲೇನು?”

“ಮಗ ದೊಡ್ಡಾಂವ ಆಗ್ಯಾನ್ರಿ. ತಾಯಿ ಕೈತುತ್ತು ಸಾಲೂದಿಲ್ಲ,” ಎಂದೆ.

“ಹಂಗಾರ ಒಂದು ವಜನದಾರ ಎಸ್‌ಎಂಪಿಎಸ್ ಕೊಡು.”

ವಜನದಾರ ಅಂದರೆ ನಿಜವಾಗಿಯೂ ತೂಕದ್ದು. ಎಸ್‌ಎಂಪಿಎಸ್ ಪರೀಕ್ಷಿಸುವ ವಿದ್ಯೆ ಮಾಲೀಕರಿಗೆ ಅದೊಂದೇ ಗೊತ್ತಿತ್ತು. ಡಬ್ಬಿಯನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಬಾಳೆಗೊನೆ ಕೊಳ್ಳುವವರ ಹಾಗೆ ಎರಡು ಸಲ ಕುಲುಕುವುದು. ಇದು ಶುದ್ಧ ಮೂಢತನವೇನಲ್ಲ. ಒಳ್ಳೆಯ ಡಬ್ಬಿಯಲ್ಲಿ ತಾಮ್ರ ಹೆಚ್ಚು, ಅಲ್ಯುಮಿನಿಯಂ ಹೆಚ್ಚು, ಆದ್ದರಿಂದ ತೂಕವೂ ಹೆಚ್ಚು. ಇಡೀ ಪೇಠಿಗೆ ಈ ವಿದ್ಯೆ ಗೊತ್ತಿತ್ತು. ಡಬ್ಬಿ ಮಾಡುವವರಿಗೂ ಗೊತ್ತಿತ್ತು ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ. ಮಾಲೀಕರು ತೂಗಿ ಆರಿಸಿದ್ದು ವಾರ ತುಂಬುವುದರೊಳಗೆ ಸತ್ತು ವಾಪಸು ಬಂತು. ಬಿಚ್ಚಿದೆ. ಒಂದು ಮೂಲೆಯಲ್ಲಿ ಅಂಟು ಹಾಕಿ ಕೂರಿಸಿದ ಕಬ್ಬಿಣದ ತುಂಡು ಇತ್ತು. ಯಾವ ವಾಯರಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಕೆಲಸ ತೂಗುವುದೊಂದೇ.

ಮಾಲೀಕರು ಅದನ್ನು ಅಂಗೈಯಲ್ಲಿಟ್ಟು ಎರಡು ಸಲ ಕುಲುಕಿದರು. ಆಮೇಲೆ, “ವಜನ ತರ್ ಬರೋಬರ್ ಹೋತಂ,” ಎಂದರು. ತೂಕವಂತೂ ಸರಿ ಇತ್ತಲ್ಲ ಎಂದು. ಮನಸ್ಸಿಗೆ ನೋವಾದಾಗ ಅವರು ಮರಾಠಿಗೆ ಹೋಗುತ್ತಿದ್ದರು. ಆ ತುಂಡು ಮುಂದೆ ಬಹಳ ಕಾಲ ನಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ತಡೆಯುವ ಕೆಲಸ ಮಾಡಿತು. ಅದು ಮಾಡಿದ ಮೊದಲ ಪ್ರಾಮಾಣಿಕ ಕೆಲಸ ಅದೇ ಇರಬೇಕು.

ಅಲ್ಲಿಂದ ನಾನು ಡಬ್ಬಿಯ ಮೈಮೇಲಿನ ಚೀಟಿ ಓದತೊಡಗಿದೆ. ದೊಡ್ಡ ಅಕ್ಷರದ ವಾಟುಗಳು ಮದುವೆಯ ಬ್ಯಾನರಿನ ಹಾಗೆ. ಅದರಲ್ಲಿ ಎಲ್ಲರ ಹೆಸರೂ ಇರುತ್ತದೆ. ಕಾರ್ಡಿನ ಹೊಟ್ಟೆ ತುಂಬಿಸುವುದು ಹನ್ನೆರಡು ವೋಲ್ಟಿನ ಸಾಲು ಒಂದೇ. ಅದರ ಮುಂದೆ ಬರೆದ ಆಂಪಿಯರನ್ನು ಹನ್ನೆರಡರಿಂದ ಗುಣಿಸಿ ನೋಡಿ. ಬರುವ ಉತ್ತರಕ್ಕೂ ದೊಡ್ಡ ಅಕ್ಷರಕ್ಕೂ ಎಷ್ಟು ಅಂತರವೋ, ಆ ಡಬ್ಬಿಯಲ್ಲಿ ಅಷ್ಟು ಸುಳ್ಳು.

ಚೀಟಿ ಓದಲು ಕಲಿತವನಿಗೆ ವಾಯರು ಓದಲು ಬರುತ್ತದೆ ಎಂದೇನಿಲ್ಲ. ಅಕ್ಕಲಕೋಟದಲ್ಲಿ ಸೂರ್ಯಕಾಂತ ಎಂಬವರ ವಿಡಿಯೋ ಸ್ಟುಡಿಯೋ ಇತ್ತು. ಮದುವೆ, ಮಕ್ಕಳ ಮೊದಲ ಕೂದಲು ತೆಗೆಸುವ ಜಾವಳ, ದೇವರ ದರ್ಶನಕ್ಕೆ ಬಂದವರ ನೆನಪಿನ ವಿಡಿಯೋ. ಅವರ ಹೊಸ ಕಾರ್ಡಿಗೆ ಎರಡು ಬಾಯಿ. ಎಸ್‌ಎಂಪಿಎಸ್‌ನಿಂದ ಹೊರಟ ಒಂದೇ ವಾಯರಿಗೆ ತುದಿಯಲ್ಲಿ ಎರಡು ಹೆಡೆ. ಎರಡು ಬಾಯಿಗೆ ಎರಡು ಹೆಡೆ ಎಂದು ನನಗೆ ಜಾತಕ ಕೂಡಿದಷ್ಟು ಸಂತೋಷವಾಯಿತು. ಚುಚ್ಚಿ ಬಂದೆ. ಲಗ್ನದ ಹಂಗಾಮು ಜೋರಾದಾಗ ಫೋನು ಬಂತು.

“ಸರ, ಕಂಪ್ಯೂಟರ್ ಒಳಗ ಯಾರರ ಬಳಿ ಸುಟ್ಟಾರೇನ್ರಿ? ವಾಸನಿ ಹಂಗ ಬರಾಕತ್ತೈತಿ.”

ಹೋಗಿ ನೋಡಿದರೆ ಪ್ಲಾಸ್ಟಿಕ್ಕು ನಿಜಕ್ಕೂ ಸುಟ್ಟ ಬಳೆಯ ಹಾಗೆ ಕರಗಿತ್ತು. ಹೆಡೆ ಎರಡಿದ್ದರೂ ಕೊರಳು ಒಂದೇ. ಎರಡು ಬಾಯಿಗೆ ಬೇಕಾದ ಕರೆಂಟೆಲ್ಲ ಒಂದೇ ಕೊರಳಿನಲ್ಲಿ ಹಾದು ಬರಬೇಕು. ಎರಡು ಬಾಯಿಗೆ ಎರಡು ಬೇರೆ ವಾಯರು ಎಳೆಯಬೇಕು ಎಂದು ಅವತ್ತು ಕಲಿತೆ. ಸೂರ್ಯಕಾಂತರು ಸಿಟ್ಟಾಗಲಿಲ್ಲ. “ಮದವಿ ವಿಡಿಯೋ ಉಳಿತಲ್ರಿ, ಅಷ್ಟ ಸಾಕು. ಅವ್ರ ಮದವೀನ ಉಳೀತೈತೋ ಇಲ್ಲೋ, ನಮಗೇನು,” ಎಂದರು.

ಅದೇ ಸ್ಟುಡಿಯೋದಲ್ಲಿ ಇನ್ನೊಂದು ಕಾಟ ಇತ್ತು. ಬೇಸಿಗೆ ಬಂತೆಂದರೆ ಕ್ಯಾಬಿನೆಟ್ಟು ಮುಟ್ಟಿದವರಿಗೆ ಚುರುಚುರು ಎನ್ನುವ ಝಟಕಾ. ಅವರು ರಬ್ಬರ್ ಚಪ್ಪಲಿ ಹಾಕಿ ಎಡಿಟಿಂಗ್ ಮಾಡುತ್ತಿದ್ದರು. ಗಿರಾಕಿಗಳಿಗೂ ಬಾಗಿಲಲ್ಲೇ ಒಂದು ಜೊತೆ ಇಟ್ಟಿದ್ದರು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗುವ ಊರಿನಲ್ಲಿ ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವ ಅಂಗಡಿ ಅದೊಂದೇ. ನಾನು ಹೊಸ ಎಸ್‌ಎಂಪಿಎಸ್ ಹಾಕಿದೆ, ಹೊಸ ವಾಯರು ಹಾಕಿದೆ, ಕೊನೆಗೆ ಹಿತ್ತಲಿಗೆ ಹೋಗಿ ನೋಡಿದೆ. ಉಪ್ಪು, ಇದ್ದಿಲು ತುಂಬಿ ಅರ್ಥಿಂಗಿನ ತಗಡು ಹುಗಿದ ಗುಂಡಿ ಒಣಗಿ, ಎರಿ ಮಣ್ಣು ಕೈ ಹೋಗುವಷ್ಟು ಬಿರಿದಿತ್ತು. ಒಣ ಮಣ್ಣು ಕರೆಂಟನ್ನು ನೆಲಕ್ಕೆ ಇಳಿಸದು, ದಿನಾ ಒಂದು ಕೊಡ ನೀರು ಹಾಕಿ ಎಂದೆ. ಹಾಕಿದರು, ಎರಡು ದಿನ. ಕರೆಂಟಿಗೆ ಯಾರು ದಿನಾ ನೀರು ಹಾಕುತ್ತಾರೆ? ಆಗ ನನಗೆ ಹೊಳೆದ ಉಪಾಯವನ್ನು ಯಾವ ಪಠ್ಯದಲ್ಲೂ ನೋಡಿಲ್ಲ: ಹಿತ್ತಲಿನ ಇನ್ನೊಂದು ತುದಿಯಲ್ಲಿದ್ದ ತುಳಸಿಯನ್ನು ತಂದು ಆ ಗುಂಡಿಯ ಪಕ್ಕದಲ್ಲೇ ಊರಿಸಿದೆ. ಸೂರ್ಯಕಾಂತರ ಮನೆಯವರು ಒಂದು ಮುಂಜಾನೆಯೂ ತಪ್ಪಿಸದೆ ನೀರು ಹಾಕಿದರು. ಝಟಕಾ ನಿಂತಿತು. ಅವರು ತುಳಸಿಗೆ ಕೈಮುಗಿದರು, ನಾನು ಅರ್ಥಿಂಗಿಗೆ. ಅಲ್ಲಿಂದ ಮುಂದೆ ನಾನು ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು, “ನಿಮ್ಮ ಮನ್ಯಾಗ ತುಳಸಿ ಎಲ್ಲಿ ಐತಿ?” ಎಂದು. ಭಾವಿಕ ಮನುಷ್ಯ ಎಂದು ನನಗೆ ಆ ಭಾಗದಲ್ಲಿ ಹೆಸರಿದೆ.

ಈಗ ಕಾಲ ಬದಲಾಗಿದೆ. ಈಗಿನವರು ಅಂಗೈಯಲ್ಲಿ ತೂಗುವುದಿಲ್ಲ. ಮೊಬೈಲಿನಲ್ಲಿ ಲೆಕ್ಕದ ಪುಟ ತೆರೆದು, ಕಾರ್ಡು ಇಂಥದ್ದು, ಪ್ರೊಸೆಸರು ಇಂಥದ್ದು ಎಂದು ಒತ್ತಿದರೆ ಇಷ್ಟು ವಾಟು ಸಾಕು ಎಂದು ಬರುತ್ತದೆ. ಒಳ್ಳೆಯದೇ. ಆದರೆ ಒಂದು ಮಾತು. ಈ ದೊಡ್ಡ ಕಾರ್ಡುಗಳು ಬೀಗರ ಪಂಗತಿಯಿದ್ದ ಹಾಗೆ. ತಲೆಗೆ ಮೂರು ಶೇಂಗಾ ಹೋಳಿಗೆ ಎಂದು ಸರಾಸರಿ ಹಿಡಿದು ಮಾಡಿದರೆ ಒಟ್ಟು ಲೆಕ್ಕ ಸರಿಯಾಗಿಯೇ ಇರುತ್ತದೆ. ತುಪ್ಪದ ಪಾತ್ರೆ ಹೊರಗೆ ಬಂದ ಕ್ಷಣ ಇಡೀ ಪಂಗತಿ ಒಟ್ಟಿಗೆ ಕೈ ಚಾಚುತ್ತದಲ್ಲ, ಆ ಒಂದು ಕ್ಷಣದಲ್ಲಿ ಬಡಿಸುವವ ತತ್ತರಿಸಬಾರದು. ಕಾರ್ಡೂ ಹೀಗೆ ಕಣ್ಣು ರೆಪ್ಪೆ ಬಡಿಯುವುದರೊಳಗೆ ತನ್ನ ಸರಾಸರಿಯ ದುಪ್ಪಟ್ಟು ಕೇಳಿಬಿಡುತ್ತದೆ. ಎಸ್‌ಎಂಪಿಎಸ್ ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ. ಪರದೆ ಕಪ್ಪು. ಪುಟದ ಲೆಕ್ಕ ಮಾತ್ರ ಸರಿಯಾಗಿಯೇ ಇರುತ್ತದೆ.

ಸವಿತಾ ಬಿರಾಜದಾರ ಅವರಿಗೆ ಆದದ್ದು ಇದೇ. ನಾನು ಅಂಗಡಿ ಬಿಡುವುದಕ್ಕೆ ಸ್ವಲ್ಪ ಮುಂಚೆ, ವಳಸಂಗದ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ಮೂವತ್ತರ ಆಸುಪಾಸು. ಸೋಲಾಪುರದಲ್ಲಿ ಇಂಟೀರಿಯರ್ ಡಿಸೈನ್ ಕಲಿತು ಮದುವೆಯಾಗಿ ವಳಸಂಗದ ಹೊಲದ ವಸ್ತಿಗೆ ಹೋದವರು. ವಸ್ತಿ ಅಂದರೆ ಊರು ಬಿಟ್ಟು ಹೊಲದಲ್ಲೇ ಕಟ್ಟಿಕೊಂಡ ಮನೆ.

“ಸರ, ಇದು ಸುಮ್ನ ಕುಂತ್ರ ಛೊಲೊ ಇರತೈತ್ರಿ. ಕೆಲಸ ಹಚ್ಚಿದ್ರ ಸಾಯತೈತಿ.”

“ನಮ್ಮ ಮಾಲೀಕರ ಗತೆ,” ಎಂದೆ.

“ಕೇಳಸಾಕತ್ತೈತಿ ನನಗ,” ಎಂದರು ಮಾಲೀಕರು ಒಳಗಿನಿಂದ.

ಸವಿತಾ ನಗಲಿಲ್ಲ. ನಗುವ ಸ್ಥಿತಿಯಲ್ಲಿರಲಿಲ್ಲ. ಪುಣೆಯ ಒಂದು ಕಂಪನಿ ಮಂಗಲ ಕಾರ್ಯಾಲಯ, ಅಂದರೆ ಮದುವೆಯ ಛತ್ರ, ಬಂಗಲೆ ಮುಂತಾದವನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿ, ಗಿರಾಕಿಯನ್ನು ಅದರೊಳಗೆ ಓಡಾಡಿಸಿ ತೋರಿಸುತ್ತದೆ. ಆ ಕೆಲಸವನ್ನು ವಸ್ತಿಯ ಮನೆಯಿಂದಲೇ ಮಾಡಲು ಇವರಿಗೆ ಕೊಡುವವರಿದ್ದರು. ಪರೀಕ್ಷೆಗೆ ಒಂದು ಕಾರ್ಯಾಲಯ ಕಟ್ಟಿ, ವಿಡಿಯೋ ಕಾಲಿನಲ್ಲಿ ಅವರನ್ನು ಒಳಗೆಲ್ಲ ನಡೆಸಬೇಕಿತ್ತು.

“ಮೆಟ್ಲ ಹತ್ತಸಾಕತ್ತಿದ್ನಿರಿ. ಅರ್ಧಕ್ಕ ಹೋಗಿ ಕಂಪ್ಯೂಟರ್ ಬಂದ್. ಪುಣಾದವ್ರನ್ನ ಮೆಟ್ಲದ ಮ್ಯಾಲ ನಿಲ್ಲಿಸಿ ದೀಪಾ ತೆಗದಂಗ ಆತು.”

“ಏನಂದ್ರು?”

“ಇನ್ನೊಂದ ಸರ್ತಿ ತೋರಸ್ರಿ ಅಂದಾರ, ಸೋಮಾರ ಮಧ್ಯಾಹ್ನ. ಅವತ್ತೂ ಹಿಂಗಾತಂದ್ರ ಹಳ್ಳ್ಯಾಗಿನವ್ರಿಗೆ ಕೆಲಸ ಕೊಡೂದು ಬ್ಯಾಡ ಅಂತ ನಕ್ಕಿ ಮಾಡ್ತಾರ್ರಿ. ಆಮ್ಯಾಲ ನಾ ಕಲ್ತದ್ದು ತಿಪ್ಪಿಗೆ.”

ಅವರು ಅದನ್ನು ಜೋರಾಗಿ ಹೇಳಲಿಲ್ಲ. ಬೆರಳಿನಿಂದ ಕ್ಯಾಬಿನೆಟ್ಟಿನ ಧೂಳು ಒರೆಸುತ್ತ ಹೇಳಿದರು. ಬೇರೆಯವರ ಚಿಂತೆಯನ್ನು ಬಡ್ಡಿಯಿಲ್ಲದೆ ಪಡೆಯುವ ಸ್ವಭಾವ ನನ್ನದು.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಎಂಟುನೂರ ಐವತ್ತು ವಾಟು. ಹನ್ನೆರಡು ವೋಲ್ಟಿನ ಸಾಲನ್ನು ಗುಣಿಸಿದರೆ ಐನೂರೂ ಆಗಲಿಲ್ಲ. ಆ ಕಾರ್ಡಿಗೆ ಅದು ಉಪವಾಸದ ಫಳಾರ. ಸಾವಿರ ವಾಟಿನ ನಿಜವಾದ ಎಸ್‌ಎಂಪಿಎಸ್ ಹಾಕಿದೆ, ಬೇರೆ ಬೇರೆ ವಾಯರು ಎಳೆದೆ, ಪಿನ್ನನ್ನು ಕಟ್ ಎಂದು ಸದ್ದು ಬರುವವರೆಗೆ ಒತ್ತಿದೆ, ಟಾರ್ಚು ಹಾಕಿ ಕಣ್ಣಿಟ್ಟು ನೋಡಿದೆ, ಮತ್ತೆ ಒತ್ತಿದೆ. ಅಂಗಡಿಯಲ್ಲಿ ಅದು ಆನೆಯ ಹಾಗೆ ನಡೆಯಿತು. ಮಾಲೀಕರು, “ಆತು, ಇನ್ನು ಕೊಟ್ಟ ಕಳಸ್ರಿ,” ಎಂದರು. ನಾನು, “ಅಂಗಡಿ ಕರೆಂಟ್ ಬ್ಯಾರೆ, ವಸ್ತಿ ಕರೆಂಟ್ ಬ್ಯಾರೆ,” ಎಂದು ಶನಿವಾರ ಹಿಂದೆಯೇ ಹೋದೆ.

ಹೋದದ್ದು ಒಳ್ಳೆಯದಾಯಿತು. ವಸ್ತಿಯ ಮನೆಗೂ ಸುತ್ತಲಿನ ಬಾವಿಗಳಿಗೂ ಒಂದೇ ಟ್ರಾನ್ಸ್‌ಫಾರ್ಮರು. ಮನೆಯ ದೀಪದ ಒಂದು ಫೇಸು ಉಳಿದರೂ ಮೋಟಾರು ಎಳೆಯುವ ಹೊಲದ ಲೈನು ದಿನದಲ್ಲಿ ಕೆಲವು ತಾಸು ಮಾತ್ರ ಇರುತ್ತದೆ, ಯಾವ ತಾಸು ಎಂಬುದು ವಾರಕ್ಕೊಮ್ಮೆ ಬದಲಾಗುತ್ತದೆ. ಕಾದು ಕೂರುವವರು ಯಾರು? ಪ್ರತಿಯೊಬ್ಬ ರೈತನೂ ಮೋಟಾರಿಗೆ ಆಟೋ ಕೂರಿಸಿದ್ದಾನೆ. ಲೈನು ಬಂದ ತಕ್ಷಣ ಮೋಟಾರು ತಾನೇ ಏಳುತ್ತದೆ. ಪ್ರತಿಯೊಬ್ಬನೂ ಕೂರಿಸಿದ್ದರಿಂದ ಪ್ರತಿಯೊಂದೂ ಒಟ್ಟಿಗೆ ಏಳುತ್ತದೆ. ಶನಿವಾರ ನಾನು ಮೀಟರು ಹಿಡಿದು ನಿಂತಿದ್ದಾಗಲೇ ಎದ್ದವು. ಮೀಟರಿನ ಅಂಕಿ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಕೆಳಗೆ ಹೋಯಿತು.

ಯುಪಿಎಸ್ಸನ್ನು ಬದಲಿಸಿ, ಬ್ಯಾಟರಿಯಿಂದಲೇ ಸದಾ ಸಮನಾದ ಕರೆಂಟು ಕೊಡುವ ಆನ್‌ಲೈನ್ ಜಾತಿಯದನ್ನು ಕೂರಿಸಿದೆ. ಆದರೂ ನಂಬಿಕೆ ಬರಲಿಲ್ಲ. ಸವಿತಾ ಅವರ ಗಂಡ ಮಲ್ಲಿನಾಥನನ್ನು ಕರೆದು, ಸೋಮವಾರ ಮಧ್ಯಾಹ್ನ ಒಂದೆರಡು ತಾಸು ಸುತ್ತಲಿನವರೆಲ್ಲ ಆಟೋ ತೆಗೆದಿಟ್ಟರೆ ಹೇಗೆ ಎಂದೆ. ಕಬ್ಬಿಗೆ ನೀರು ಬಿಡುವ ಹೊತ್ತಿನಲ್ಲಿ ಕೇಳಬಾರದ ಮಾತು. ಮಲ್ಲಿನಾಥ ಮೋಟಾರ್‌ಸೈಕಲ್ ಹತ್ತಿ ಹೊಲದಿಂದ ಹೊಲಕ್ಕೆ ಹೋಗಿ ಕೇಳಿದ. ಹೊಲದ ಗಡಿಯ ಬಾಂದಿನ ಆಚೆಯ ಹಿರಿಯ ರೈತನೊಬ್ಬ ಏನೆಂದನೆಂಬುದನ್ನು ಅವನೇ ಬಂದು ಹೇಳಿದ:

“ನಿನ್ನ ಹೇಣ್ತಿ ಕಂಪ್ಯೂಟರ್‌ದಾಗ ಕಾರ್ಯಾಲಯ ಕಟ್ಟತಾಳ ಖರೆ, ನಿಮ್ಮ ದನದ ಕೊಟ್ಟಿಗಿ ಸೋರತೈತಲ್ಲೋ ಅಂದಾನ್ರಿ. ನಾ ಅಂದೆ, ಕಾಕಾ, ಇದು ಆತಂದ್ರ ಅದನ್ನೂ ಕಟ್ಟತಾಳ. ಹಂಗಾರ ನಮ್ಮದೂ ಒಂದು ಹಿಡಿ ಅಂತ ಕಾಕಾ ಆಟೋ ತೆಗದ. ಉಳದವ್ರೂ ತೆಗದ್ರು.”

ಅತ್ತೆ ಗೌರಾಬಾಯಿಯವರು ಶೇಂಗಾದ ಚೀಲಗಳನ್ನು ಒಂದು ಗೋಡೆಗೆ ಸರಿಸಿ ಅದೇ ಖೋಲಿಯಲ್ಲಿ ಸೊಸೆಗೆ ಜಾಗ ಮಾಡಿಕೊಟ್ಟಿದ್ದರು. ಕಾರ್ಡಿಗೆ ಪೂರ್ತಿ ಭಾರ ಹೊರಿಸಿ ನಾನು ಪರೀಕ್ಷಿಸುತ್ತಿದ್ದಾಗ ಫ್ಯಾನುಗಳು ಕಾಳು ಒಕ್ಕುವ ರಾಶಿ ಮಷೀನಿನ ಹಾಗೆ ಗದ್ದಲ ಮಾಡಿದವು. ಅವರು ಬಾಗಿಲಲ್ಲಿ ನಿಂತು ಕೇಳಿದರು.

“ಏನ್ ಒಕ್ಕತೈತ್ರಿ ಇದು?”

“ಮನಿ ಕಟ್ಟತೈತ್ರಿ ಅಮ್ಮ.”

“ಕಲ್ಲು, ಮಣ್ಣು?”

“ಏನೂ ಬೇಕಾಗಿಲ್ರಿ. ಬರೇ ಕರೆಂಟ್.”

“ಅದಕ್ಕ ಇಷ್ಟ ಉಣ್ಣತೈತಿ,” ಎಂದು ಅವರು ಒಳಗೆ ಹೋದರು. ಈ ವಿಷಯದ ಮೇಲೆ ನಾನು ಕೇಳಿದ ಎಲ್ಲ ಭಾಷಣಗಳಲ್ಲಿ ಚಿಕ್ಕದು, ಸರಿಯಾದದ್ದು ಅದೇ.

ಸೋಮವಾರ ಬರಲು ಯಾರೂ ನನ್ನನ್ನು ಕರೆದಿರಲಿಲ್ಲ. ನಾನೇ ಹೋದೆ. ಬಸ್ಸು ಕೆಡಲಿಲ್ಲ. ವೋಲ್ಟೇಜು ಕಲ್ಲಿನ ಹಾಗೆ ನಿಂತಿತ್ತು. ಯುಪಿಎಸ್ ಸಾಧುವಿನ ಹಾಗೆ ಹಸಿರು ಕಣ್ಣು ಬಿಟ್ಟಿತ್ತು. ಅರ್ಥಿಂಗ್ ಗುಂಡಿ ಹಸಿಯಾಗಿತ್ತು. ಲೈನು ಬಂತು, ಒಂದು ಮೋಟಾರೂ ಏಳಲಿಲ್ಲ. ಹೊಲಗಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿರಲಿಲ್ಲ. ಎಲ್ಲವೂ ಸರಿಯಾಗಿದ್ದರೆ ನನಗೆ ನಂಬಿಕೆ ಬರುವುದಿಲ್ಲ. ಪಿನ್ನನ್ನು ಇನ್ನೊಮ್ಮೆ ಒತ್ತಿದೆ.

ವಿಡಿಯೋ ಕಾಲ್‌ಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಗೌರಾಬಾಯಿ ಮಡಿ ಸೀರೆ ಉಟ್ಟು ತಾಟು ಹಿಡಿದು ಬಂದರು. ಹೊಸ ಯಂತ್ರ ಪೂಜೆಯಿಲ್ಲದೆ ಕೆಲಸ ಮಾಡಿದ್ದಕ್ಕೇ ಮೊದಲ ಸಲ ಹಾಗಾಯಿತು ಎಂಬುದು ಅವರ ನಿದಾನ. ತಾಟಿನಲ್ಲಿ ತೆಂಗಿನಕಾಯಿ, ಕರ್ಪೂರ, ಊದಿನಕಡ್ಡಿ. ಕಾಯಿ ನೀರು ಒಳಗೆ ಸಿಡಿದರೆ? ಕರ್ಪೂರದ ಮಸಿಯನ್ನು ಫ್ಯಾನು ಎಳೆದುಕೊಂಡರೆ? ವಿನಯದಿಂದಲೇ ಅಡ್ಡ ನಿಂತೆ. ಕಾಯಿಯನ್ನು ಅಂಗಳದಲ್ಲಿ ಒಡೆಸಿದೆ. ಕರ್ಪೂರ ಹೊಸ್ತಿಲ ಆಚೆ ಬೆಳಗಿಸಿದೆ. ಊದಿನಕಡ್ಡಿಯನ್ನು ಅವರು ಶೇಂಗಾ ಚೀಲಕ್ಕೆ ಚುಚ್ಚಲು ಹೋದಾಗ ಅದನ್ನೂ ತಪ್ಪಿಸಿದೆ. ಕೊನೆಗೆ ಉಳಿದದ್ದು ಅರಿಶಿಣ, ಕುಂಕುಮ, ಅಕ್ಷತೆ.

“ಇದು ಎಲ್ಲಿಂದ ಏಳತೈತಿ?” ಎಂದರು.

“ಇಲ್ಲಿ ಒತ್ತಿದ್ರರಿ,” ಎಂದು ಮುಂಭಾಗದ ಗುಂಡಿ ತೋರಿಸಿದೆ.

“ಬಾವಿ ಸ್ಟಾರ್ಟರಿಗೂ ನಾವು ಹಸರ ಗುಂಡಿಗೇ ಹಚ್ಚೂದು. ಜೀವ ಅಲ್ಲೇ ಇರತೈತಿ,” ಎಂದು, ಗಟ್ಟಿಯಾಗಿ ಕಲಸಿದ ಅರಿಶಿಣವನ್ನು ಹೆಬ್ಬೆರಳಿನಿಂದ ಗುಂಡಿಯ ಮೇಲೆ ಒತ್ತಿ, ಅದರ ಮೇಲೆ ಕುಂಕುಮ ಇಟ್ಟು, ಒಂದು ಚಿಟಿಕೆ ಅಕ್ಕಿ ಅಂಟಿಸಿದರು. ಫ್ಯಾನಿನ ಜಾಳಿಗೆಗೆ ಹಚ್ಚಲಿಲ್ಲವಲ್ಲ ಎಂದು ನಾನು ನೆಮ್ಮದಿಯ ಉಸಿರು ಬಿಟ್ಟೆ.

ಸವಿತಾ ಕೈಮುಗಿದು ಗುಂಡಿ ಒತ್ತಿದರು. ಫ್ಯಾನು ಎದ್ದವು, ದೀಪ ಬಂತು, ನಾಲ್ಕು ಉಸಿರು ತೆಗೆಯುವಷ್ಟರಲ್ಲಿ ಎಲ್ಲ ಆರಿತು.

ಎಸ್‌ಎಂಪಿಎಸ್ ಹಿಂದಿನ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದೆ. ಎದ್ದಿತು, ಆರಿತು. ಮತ್ತೆ. ಎದ್ದಿತು, ಆರಿತು. ಕ್ಯಾಬಿನೆಟ್ಟಿನ ಬಾಗಿಲು ತೆರೆದು ಪಿನ್ನು ನೋಡಿದೆ, ಗಟ್ಟಿ ಇತ್ತು. ಮೀಟರು ಹಚ್ಚಿದೆ, ಹನ್ನೆರಡು ವೋಲ್ಟು ಹನ್ನೆರಡೇ ಇತ್ತು. ಕಾರ್ಡನ್ನೇ ಕಿತ್ತು ಮೇಜಿನ ಮೇಲಿಟ್ಟೆ. ಕಾರ್ಡಿಲ್ಲದೆಯೂ ಎದ್ದಿತು, ಆರಿತು. ಉಣ್ಣುವವನೇ ಇಲ್ಲದ ಪಂಗತಿಯಲ್ಲಿ ಬಡಿಸುವವ ಬೀಳುತ್ತಿದ್ದ. 

ಸವಿತಾ ಮೊಬೈಲಿನಲ್ಲಿ ಪುಣೆಯವರಿಗೆ, “ಸರ್, ಪಾಚ್ ಮಿನಿಟಂ ದ್ಯಾ,” ಎಂದು ಐದು ನಿಮಿಷ ಬೇಡುತ್ತಿದ್ದರು. ದನಿ ಸಮವಾಗಿತ್ತು, ಇನ್ನೊಂದು ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಮಲ್ಲಿನಾಥ ಬಾಗಿಲಿಗೆ ಬಂದ.

“ಸರ, ಕಾಕಾ ಕೇಳಾಕತ್ಯಾನ್ರಿ, ಎಷ್ಟೊತ್ತು ಅಂತ. ಲೈನ್ ಹೋಗ್ತೈತಿ, ಕಬ್ಬು ಬಾಯಿ ತಕ್ಕೊಂಡ ನಿಂತೈತಿ ಅಂತಾನ.”

“ಇನ್ನೊಂದು ತಾಸು ತಡೀ ಅನ್ನು,” ಎಂದೆ, ಆ ತಾಸಿನಲ್ಲಿ ಏನು ಮಾಡುವುದೆಂದು ಗೊತ್ತಿಲ್ಲದೆ. ಬಸ್ಸಿನಲ್ಲಿ ಮಾಡಿದ ಯಾದಿಯ ಪ್ರತಿಯೊಂದು ಕಲಮನ್ನೂ ಮುಟ್ಟಿ ನೋಡಿ ಮುಗಿದಿತ್ತು. ಕಾರ್ಡನ್ನು ಮತ್ತೆ ಕೂರಿಸಿದೆ. ಬೇರೇನೂ ತೋಚದವರು ಮಾಡುವುದು ಅದನ್ನೇ.

ಸವಿತಾ ಫೋನು ಇಟ್ಟು ಕೆಳಗೆ ಕೂತರು. ತಾವೇ ಒಮ್ಮೆ ಒತ್ತಿ ನೋಡಲೆಂದು ಗುಂಡಿಯ ಮೇಲಿನ ಅರಿಶಿಣವನ್ನು ಬೆರಳಿನಿಂದ ಸರಿಸಿದರು. ಬೆರಳು ಅಲ್ಲೇ ನಿಂತಿತು.

“ಸರ, ಇದು ಒಳಗ ಹೋಗಿ ಕುಂತೈತ್ರಿ. ಮ್ಯಾಲ ಬರವಲ್ದು.”

ಸೆರಗಿನ ನೆರಿಗೆಗೆ ಚುಚ್ಚಿದ್ದ ಪಿನ್ನು ತೆಗೆದು ಗುಂಡಿಯ ಸಂದಿನಲ್ಲಿ ಆಡಿಸಿದರು. ಅರಿಶಿಣದಲ್ಲಿ ಹೂತಿದ್ದ ಒಂದು ನುಚ್ಚಕ್ಕಿ ಕಾಳು ಹೊರಗೆ ಬಿತ್ತು. ಟಿಕ್ ಎಂದು ಗುಂಡಿ ಮೇಲೆ ಬಂತು.

ಎಂಥ ಕಂಪ್ಯೂಟರೇ ಆಗಲಿ, ಗುಂಡಿಯನ್ನು ಒತ್ತಿ ಬಿಟ್ಟರೆ ಏಳುತ್ತದೆ, ಒತ್ತಿ ಹಿಡಿದರೆ ಸಾಯುತ್ತದೆ. ಇದನ್ನು ನಾನು ಗಿರಾಕಿಗಳಿಗೆ ಫೋನಿನಲ್ಲಿ ದಿನಾ ಹೇಳುತ್ತಿದ್ದೆ. ಅಕ್ಕಿ ಕಾಳು ಒತ್ತಿ ಹಿಡಿದಿತ್ತು. ಯಂತ್ರ ಹೇಳಿದ ಮಾತು ಕೇಳುತ್ತಿತ್ತು.

ಆಮೇಲೆ ನಡೆದದ್ದನ್ನು ನಾನು ಶೇಂಗಾ ಚೀಲದ ಮೇಲೆ ಕೂತು ನೋಡಿದೆ. ಸವಿತಾ ಪುಣೆಯವರನ್ನು ಕಾರ್ಯಾಲಯದ ಬಾಗಿಲಿನಿಂದ ಕರೆದುಕೊಂಡು ಹೋದರು, ಮಂಟಪ ತೋರಿಸಿದರು, ಮೆಟ್ಟಿಲ ಹತ್ತಿರ ಬಂದರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಮೇಲಿನ ಊಟದ ಹಾಲ್‌ನಲ್ಲಿದ್ದರು, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಫ್ಯಾನುಗಳು ರಾಶಿ ಮಾಡುತ್ತಿದ್ದವು. ಕೊನೆಯಲ್ಲಿ ಪರದೆಯ ಮೂಲೆಯಲ್ಲಿದ್ದ ಮನುಷ್ಯ ಮರಾಠಿಯಲ್ಲಿ, ಮುಂದಿನ ಕೆಲಸ ಕಳಿಸುತ್ತೇನೆ ಎಂದ. “ತುಮಚ್ಯಾ ಗಾವಾತ್ ಲೈಟ್ ಚಾಂಗಲೀ ದಿಸತೇ,” ಎಂದೂ ಸೇರಿಸಿದ. ನಿಮ್ಮ ಊರಲ್ಲಿ ಕರೆಂಟು ಚೆನ್ನಾಗಿದೆಯಲ್ಲ ಎಂದು.

“ಹೋ ಸರ್,” ಎಂದರು ಸವಿತಾ, ಮುಖದ ಒಂದು ಗೆರೆಯೂ ಕದಲದೆ. ಹೊರಗೆ ಮಲ್ಲಿನಾಥ ಕೈ ಬೀಸಿದ್ದನ್ನು ನೋಡಿ ಕಾಕಾ ತನ್ನ ಮೋಟಾರು ಹಚ್ಚಿದ. ಹಿಂದೆಯೇ ಉಳಿದವೂ ಎದ್ದವು. ಮನೆಯ ದೀಪ ಕೆಂಪಗಾಯಿತು. ಯುಪಿಎಸ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ನಾನು ಚಪ್ಪಲಿ ಮೆಟ್ಟುವಾಗ ಮಲ್ಲಿನಾಥ ಕೇಳಿದ, “ಏನಾಗಿತ್ರಿ ಸರ?”

ಅಂಗಳದಲ್ಲಿ ಗೌರಾಬಾಯಿ ಒಡೆದ ಕಾಯಿಯನ್ನು ಹೆಚ್ಚುತ್ತ ಕೂತಿದ್ದರು. “ಲೋಡ್ ಒಂದೀಟು ಜಾಸ್ತಿ ಆಗಿತ್ತು,” ಎಂದೆ.

“ಲೋಡ್ ಅಲ್ಲೋ, ಅಕ್ಕಿ,” ಎಂದರು ಅವರು ತಲೆ ಎತ್ತದೆ. “ಸವಿತಾ ಪಿನ್ನಿಲೆ ತಗಿಯೂದು ನೋಡೀನಿ ನಾ. ಅಕ್ಕಿ ಹಚ್ಚಬಾರದಾಗಿತ್ತು. ಮುಂದಿನ ಸರ್ತಿ ಬರೇ ಅರಿಶಿಣ, ನೀರಾಗ ತೆಳ್ಳಗ ಕಲಸಿ ಗುಂಡಿ ಮ್ಯಾಲಿಂದ ಬಿಡತೀನಿ. ಆಗ ಏನೂ ಸಿಗಬೀಳಂಗಿಲ್ಲ.”

ನಾನು ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಹೋದೆ.